ಮೊದಲು ನೀವು ನನ್ನ ತೆಗೀರಿ

2020ರ ಜನವರಿ 10, ಶುಕ್ರವಾರ. ಆಧಾರ: ಆ ದಿನದ ಕ್ಯಾಮೆರಾ ಕಾರ್ಡಿನಲ್ಲಿ ಉಳಿದಿರುವ, ಸಂಕಲನಕ್ಕೆ ಮುಂಚಿನ ಮೂಲ ಚಿತ್ರಿಕೆ. ಕ್ಯಾಮೆರಾದೊಳಗಿನ ಗಡಿಯಾರವನ್ನು ಒಂದೇ ಸಾಕ್ಷಿಯೆಂದು ನಂಬಬಾರದೆಂಬುದು ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವ ಮೊದಲ ಮಾತು. ನಮ್ಮ ವಿಭಾಗದ ಹಳೆಯ ಕ್ಯಾಮೆರಾ ಬ್ಯಾಟರಿ ಬದಲಿಸಿದಾಗಲೆಲ್ಲ ತಾನು ಕಾರ್ಖಾನೆಯಿಂದ ಹೊರಬಿದ್ದ ವರ್ಷಕ್ಕೆ ಹಿಂತಿರುಗಿ ಕೂರುತ್ತಿತ್ತು. ಆದ್ದರಿಂದ ಬೇರೆ ಕಡೆಯಿಂದಲೂ ತಾಳೆ ನೋಡಿದೆ. ಅಂದಿನ ಸಂದರ್ಶನಗಳು ನಮ್ಮ ಕ್ಯಾಮೆರಾಮನ್ ಅನ್ವರ್ ಪಾಷಾ ಜುಮ್ಮಾ ನಮಾಜು ಮುಗಿಸಿ ಬಂದ ಮೇಲೆ ಆರಂಭವಾದವೆಂಬುದು ಎಲ್ಲರಿಗೂ ನೆನಪಿದೆ. ಹಾಗಾಗಿ ಶುಕ್ರವಾರವೆಂಬುದು ಸರಿ. ಚಿತ್ರಿಕೆಯ ಹಿನ್ನೆಲೆಯಲ್ಲಿ ಧ್ವನಿವರ್ಧಕವೊಂದು ನಾಳೆ ಶನಿವಾರ ಮಧ್ಯಾಹ್ನದ ವೇದಿಕೆ ಕಾರ್ಯಕ್ರಮವನ್ನು ಸಾರುವುದೂ ಕೇಳುತ್ತದೆ. ಈ ಬರಹದ ಘಟನೆ ಸಂಕ್ರಾಂತಿಯ ಮರುದಿನ ನಡೆಯಿತೆಂದು ನಾನು ಕೆಲವು ಉಪನ್ಯಾಸಗಳಲ್ಲಿ ಹೇಳಿದ್ದೇನೆ. ಅದು ತಪ್ಪು. ಹಬ್ಬಕ್ಕೆ ಇನ್ನೂ ದಿನಗಳಿದ್ದವು. ಸಂಕ್ರಾಂತಿ ಕಳೆದಿದ್ದರೆ ನಮಗೆ ಆ ಜಾಗವೇ ಸಿಗುತ್ತಿರಲಿಲ್ಲ. ಏಕೆಂದರೆ ಅದು ಕೋಲಾರದ ಹೊರವಲಯದ ಒಂದು ಕಲ್ಯಾಣ ಮಂಟಪ. ಧನುರ್ಮಾಸದಲ್ಲಿ ಮದುವೆಗಳಿಲ್ಲದೆ ಖಾಲಿ ಬಿದ್ದಿರುತ್ತಿದ್ದುದರಿಂದಲೇ ವಿಡಿಯೊ ಗೇಮ್ ತಯಾರಕರ ವ್ಯಾಪಾರ ಮೇಳ ಅಲ್ಲಿ ನಡೆಯಲು ಸಾಧ್ಯವಾಗುತ್ತಿತ್ತು.

ನಾನು ವೃತ್ತಿಯಿಂದ ಆಟಗಳ ಚರಿತ್ರೆಯ ಸಂಶೋಧಕಿ. ಮಾಲೂರಿನಲ್ಲಿ ಮನೆ, ಕೋಲಾರದ ಸಂಶೋಧನಾ ಸಂಸ್ಥೆಯೊಂದರ ದಾಖಲೀಕರಣ ವಿಭಾಗದಲ್ಲಿ ನಿವೃತ್ತಿಯ ತನಕ ಕೆಲಸ. ಮೊದಲ ಅರ್ಧ ಸೇವೆ ಅಳಗುಳಿಮಣೆ, ಚೌಕಾಬಾರ, ದೇವಸ್ಥಾನದ ಹಾಸುಗಲ್ಲಿನ ಮೇಲೆ ಕೊರೆದ ಹುಲಿ-ಕುರಿ ಆಟದ ಮನೆಗಳನ್ನು ಅಳೆಯುವುದರಲ್ಲಿ ಕಳೆಯಿತು. ಆಮೇಲೆ ನಿರ್ದೇಶಕರಾಗಿ ಬಂದ ನಾಗಭೂಷಣ ಅವರು, ಸತ್ತವರ ಆಟ ಸಾಕು, ಇಂದು ಆಟ ಕಟ್ಟುತ್ತಿರುವವರು ಬದುಕಿರುವಾಗಲೇ ಅವರನ್ನು ಮಾತನಾಡಿಸಿ ಚಿತ್ರೀಕರಿಸಿ ಎಂದು ಆದೇಶಿಸಿದರು. ಕ್ಯಾಸೆಟ್ ರೆಕಾರ್ಡರ್ ಹಿಡಿದು ಪಳಗಿದ ಕೈಗೆ ಕ್ಯಾಮೆರಾ, ಕಾಲರ್ ಮೈಕು, ಸಂಕಲನದ ಕಂಪ್ಯೂಟರು ಬಂದದ್ದು ಹೀಗೆ. ಬಡ್ತಿಯ ವಿಷಯ ಸೇವಾ ಪುಸ್ತಕದಲ್ಲಿದೆ, ಇಲ್ಲಿ ಬೇಡ.

ಕ್ಯಾಮೆರಾಕ್ಕೆ ಸಿಕ್ಕವರು ಮುಳಬಾಗಿಲಿನ ಅನ್ವರ್ ಪಾಷಾ. ಮದುವೆ ವಿಡಿಯೊ ತೆಗೆಯುವುದು ಅವರ ಮನೆತನದ ಕಸುಬು. ಮೇಳ ನಡೆಯುತ್ತಿದ್ದ ಕಲ್ಯಾಣ ಮಂಟಪದ ಪ್ರತಿಯೊಂದು ಪ್ಲಗ್ಗು, ಪ್ರತಿಯೊಂದು ಕಂಬದ ನೆರಳು ಅವರಿಗೆ ಪರಿಚಿತ. ಎಲ್ಲಿ ನಿಂತರೆ ಅಡಿಗೆಮನೆಯ ಸದ್ದು ಮೈಕಿಗೆ ಬೀಳುವುದಿಲ್ಲ ಎಂಬುದನ್ನೂ ಬಲ್ಲರು. ಆದರೆ ಅವರ ಸಂಕಲನವೂ ಮದುವೆಯದೇ ಆಗಿತ್ತು. ಹಿಂದಿನ ವರ್ಷದ ಮೇಳದಲ್ಲಿ ಗುಂಡು ಹಾರಿಸುವ ಆಟವೊಂದರ ತಯಾರಕರನ್ನು ನಾವು ಸಂದರ್ಶಿಸಿದೆವು. ಅನ್ವರ್ ಕತ್ತರಿಸಿ ಜೋಡಿಸಿ ತಂದರು. ನಿರ್ದೇಶಕರ ಕೋಣೆಯಲ್ಲಿ ಎಲ್ಲರೂ ನೋಡುತ್ತ ಕುಳಿತೆವು. ಆ ತರುಣ ಗಂಭೀರವಾಗಿ, ಶತ್ರು ಸತ್ತಾಗ ಆಟಗಾರನಿಗೆ ಏನನ್ನಿಸಬೇಕು ಎಂದು ವಿವರಿಸುತ್ತಿದ್ದಂತೆ ಪರದೆಯ ನಾಲ್ಕೂ ಮೂಲೆಯಿಂದ ಗುಲಾಬಿ ದಳಗಳು ಉದುರಿದವು. ಅವನ ಮುಖ ಹೃದಯದ ಆಕಾರದ ಚೌಕಟ್ಟಿನೊಳಗೆ ಸೇರಿಕೊಂಡಿತು. ನಾದಸ್ವರ ಮೊಳಗಿತು.

ನಾಗಭೂಷಣರು ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಕೇಳಿದರು: "ಪಾಷಾ, ಈ ಹುಡುಗನ್ನ ಯಾರಿಗೆ ಕೊಟ್ಟು ಮದುವೆ ಮಾಡ್ತಿದ್ದೀಯಪ್ಪಾ?"

"ಸಾರ್, ನಮ್ ಪಾರ್ಟಿಗಳು ಇದನ್ನೇ ಕೇಳೋದು. ಹೂವು ಬೀಳದಿದ್ರೆ ವಿಡಿಯೊನೇ ಅಲ್ಲ ಅಂತಾರೆ."

"ನಾವು ಪಾರ್ಟಿ ಅಲ್ಲಪ್ಪಾ. ನಾವು ಸಂಸ್ಥೆ."

"ಸಂಸ್ಥೆಗೆ ಒಂದೇ ಒಂದು ಸಲ ಬೀಳಿಸ್ಲಾ ಸಾರ್, ಲಾಸ್ಟಲ್ಲಿ?"

ಅಂದಿನಿಂದ ಸಂಕಲನದ ಕೆಲಸ ನನ್ನ ಪಾಲಿಗೆ ಬಂತು, ಚಿತ್ರೀಕರಣ ಅವರಲ್ಲೇ ಉಳಿಯಿತು. ಹೀಗೆ ಹಂಚಿಕೊಂಡದ್ದು ಒಳ್ಳೆಯದೇ ಆಯಿತು. ಆದರೆ ಅನ್ವರ್ ತೆಗೆದದ್ದನ್ನು ಅನ್ವರ್ ಮತ್ತೆ ನೋಡುತ್ತಿರಲಿಲ್ಲ ಎಂಬ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು.

ನನ್ನ ಕಡೆಯ ಎಡವಟ್ಟೂ ಕಡಿಮೆಯಲ್ಲ. ಮುಳಬಾಗಿಲಿನ ಬಸ್ ನಿಲ್ದಾಣದ ಬಳಿ ಬಹುಕಾಲ ವಿಡಿಯೊ ಗೇಮ್ ಅಂಗಡಿ ನಡೆಸಿದ್ದ ವೆಂಕಟರವಣಪ್ಪ ಎಂಬ ಹಿರಿಯರು ಅದೇ ಮೇಳಕ್ಕೆ ಬಂದಿದ್ದರು. ಮೊದಲ ಯಂತ್ರ ತಂದ ಇಸವಿ ಯಾವುದೆಂದು ಕೇಳಿದೆ.

"ಇಸವಿ ನಂಗೇನ್ ಗೊತ್ತಮ್ಮಾ. ನಮ್ ದೊಡ್ಡ ಮಗಳು ಅಂಬೆಗಾಲಿಡ್ತಿದ್ಲು. ಕೆರೆ ಕೋಡಿ ಬಿದ್ದಿತ್ತು. ಆವಾಗ."

ಮಗಳ ಜನ್ಮದಿನಾಂಕ ಕೇಳಿದೆ. ಕೆರೆ ಕೋಡಿ ಬಿದ್ದ ತಿಂಗಳು ಕೇಳಿದೆ. ಅವರು ಕಾಲರಿನಿಂದ ಮೈಕನ್ನು ಬಿಡಿಸಿ, ಅದನ್ನು ಮೇಜಿನ ಮೇಲೆ ಬಹಳ ಮರ್ಯಾದೆಯಿಂದ ಇಟ್ಟು, "ಊಟ ಮಾಡ್ಕೊಂಬರ್ತೀನಮ್ಮಾ" ಎಂದು ಹೋದರು. ಮತ್ತೆ ಬರಲಿಲ್ಲ. ಅನ್ವರ್ ವೈರು ಸುತ್ತುತ್ತ ಹೇಳಿದರು: "ಮೇಡಂ, ನೀವು ಇಂಟರ್‌ವ್ಯೂ ತಗೋತಿದ್ರಾ, ಅವರಿಗೆ ಪಾಸ್‌ಪೋರ್ಟ್ ಮಾಡಿಸ್ತಿದ್ರಾ?"

ಮನುಷ್ಯರನ್ನು ಕ್ಯಾಮೆರಾದ ಮುಂದೆ ಕೂರಿಸುವ ಬಗೆಯನ್ನು ಅನ್ವರ್ ಅವರಿಂದ ನೋಡಿ ಕಲಿತೆ. ಅವರ ಪದ್ಧತಿ ಮದುವೆ ಮನೆಯದು. ಲೈಟು ಬಿದ್ದೊಡನೆ ಮದುಮಗಳು ಕಲ್ಲಾಗಿಬಿಡುತ್ತಾಳೆ. ಆಗ ಅವರು ಕ್ಯಾಮೆರಾದ ಹಿಂದಿನಿಂದ ಎದ್ದು ಅವಳನ್ನು ಅಲ್ಲಿಗೆ ಕರೆಯುತ್ತಾರೆ. "ಮೊದಲು ನೀವು ನನ್ನ ತೆಗೀರಿ," ಎಂದು ಹೇಳಿ ತಾವು ಹೋಗಿ ಅವಳ ಕುರ್ಚಿಯಲ್ಲಿ ಕೂರುತ್ತಾರೆ, ಹುಬ್ಬು ತೀಡಿಕೊಳ್ಳುತ್ತಾರೆ, ನಾಚುತ್ತಾರೆ. ಅವಳು ಗುಂಡಿ ಒತ್ತಿ ಅವರನ್ನು ಹಿಡಿಯುತ್ತಾಳೆ, ನಗುತ್ತಾಳೆ. ಆ ಯಂತ್ರ ಅವಳ ಕೈಯಳತೆಗೆ ಬಂದುಬಿಡುತ್ತದೆ. ಇನ್ನೊಂದು ಪದ್ಧತಿ, ಕ್ಯಾಮೆರಾದ ಮುಂಭಾಗದ ಪುಟ್ಟ ಕೆಂಪು ದೀಪದ ಮೇಲೆ ಕರಿ ಟೇಪಿನ ಚೂರು ಅಂಟಿಸುವುದು. ಕೆಂಪು ಕಂಡರೆ ಜನ ಉಸಿರು ಹಿಡಿಯುತ್ತಾರೆಂಬುದು ಅವರ ಅನುಭವ. ಸಂಸ್ಥೆಯ ಆಸ್ತಿಯನ್ನು ಕಂಡಕಂಡವರ ಕೈಗೆ ಕೊಡುವುದನ್ನು ನಾಗಭೂಷಣರು ಬರಹದ ಮೂಲಕವೇ ಆಕ್ಷೇಪಿಸಿದ್ದರು. ಅನ್ವರ್ ಆ ಆಕ್ಷೇಪಣೆಯನ್ನು ಗೌರವದಿಂದ ಸ್ವೀಕರಿಸಿ, ಕ್ಯಾಮೆರಾವನ್ನು ಕೊಡುತ್ತಲೇ ಇದ್ದರು.

ಈಗ ಆ ಶುಕ್ರವಾರಕ್ಕೆ ಬರುತ್ತೇನೆ.

ಮಂಟಪದ ಮೂಲೆಯಲ್ಲಿ ಅರ್ಧ ಮೇಜು ಹಿಡಿದು ಕುಳಿತಿದ್ದವಳು ಮಂಜುಳ. ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನವಳು, ಮನೆಮಾತು ತೆಲುಗು. ಒಬ್ಬಳೇ ಕುಳಿತು ಕಟ್ಟಿದ್ದ ಆಟವೊಂದನ್ನು ಹಳೆಯ ಟ್ಯಾಬ್ಲೆಟ್ಟಿನಲ್ಲಿ ತಂದಿದ್ದಳು. ಅದು ಕೋಲಾರದ ಟೊಮೆಟೊ ಮಾರುಕಟ್ಟೆಯ ಆಟ. ಇಬ್ಬರು ಎದುರುಬದುರು ಕೂರಬೇಕು. ಇಬ್ಬರ ಬಳಿಯೂ ಟೊಮೆಟೊ ಬಾಕ್ಸುಗಳು. ಹರಾಜಿನ ಕೂಗು ಏರುತ್ತ ಹೋಗುತ್ತದೆ; ಯಾವಾಗ ಬಿಡಬೇಕೆಂದು, ಅಂದರೆ ಮಾಲು ಮಾರಬೇಕೆಂದು, ನಿರ್ಧರಿಸಬೇಕು. ಕಾದಷ್ಟೂ ದರ ಏರಬಹುದು, ಆದರೆ ಕಾದಷ್ಟೂ ಹಣ್ಣು ಮೆತ್ತಗಾಗುತ್ತದೆ. ಎದುರಾಳಿ ಬಿಟ್ಟೊಡನೆ ದರ ಕುಸಿಯುತ್ತದೆ. ಕೂಗುವ ಧ್ವನಿ ಮಂಜುಳಳದೇ.

ಮರುದಿನ ಮಧ್ಯಾಹ್ನ ಮಂಟಪದ ವೇದಿಕೆಯಲ್ಲಿ, ನಾಲ್ವರು ಹೊಸ ತಯಾರಕರ ಬಗ್ಗೆ ನಾವು ತೆಗೆದ ಕಿರುಚಿತ್ರಗಳನ್ನು ತೋರಿಸುವ ಏರ್ಪಾಡಿತ್ತು. ಹೊಸ ಆಟಗಳನ್ನು ಪ್ರಕಟಿಸುವ ಸಂಸ್ಥೆಗಳವರು ಬೆಂಗಳೂರಿನಿಂದ ಬಂದು ಕೂರುವುದು ಆ ಹೊತ್ತಿಗೆ ಮಾತ್ರ. ಚಿತ್ರ ಇದ್ದವರನ್ನು ವೇದಿಕೆಗೆ ಕರೆಯುತ್ತಿದ್ದರು. ಇಲ್ಲದವರ ಅರ್ಧ ಮೇಜಿನ ತನಕ ಅವರು ನಡೆದು ಬರುವುದು ಅಪರೂಪ. ಮಂಜುಳ ಮೊದಲೇ ನನಗೆ ಹೇಳಿದ್ದಳು: "ಮೇಡಂ, ಸೋಮವಾರ ಮಾಲೂರಲ್ಲಿ ಫ್ಯಾಕ್ಟ್ರಿಗೆ ಸೇರ್ಬೇಕು ನಾನು. ನಮ್ ನಾಯನ ಮಾತಾಡ್ಬಿಟ್ಟಿದಾರೆ. ಈ ಎರಡು ದಿನದಲ್ಲಿ ಯಾರಾದ್ರೂ ಆಟ ತಗೊಂಡ್ರೆ ಹೋಗಲ್ಲ. ಇಲ್ಲಾಂದ್ರೆ ಹೋಗ್ತೀನಿ, ಅಷ್ಟೇ ಕದಾ." ನಾಯನ ಎಂದರೆ ತಂದೆ. ಅಳುಮೋರೆಯಿಲ್ಲದೆ, ಬಸ್ಸಿನ ಸಮಯ ಹೇಳುವವಳಂತೆ ಹೇಳಿದಳು.

ಅನ್ವರ್ ತಮ್ಮ ಪದ್ಧತಿಯಂತೆ ಅವಳನ್ನು ಕ್ಯಾಮೆರಾದ ಹಿಂದೆ ನಿಲ್ಲಿಸಿದರು. "ಬಾರಮ್ಮಾ, ಮೊದಲು ನೀನು ನನ್ನ ತೆಗಿ. ಇಲ್ಲಿ ಒತ್ತು. ಒಂದ್ಸಲ ಒತ್ತಿದ್ರೆ ಚಾಲೂ, ಇನ್ನೊಂದ್ಸಲ ಒತ್ತಿದ್ರೆ ಬಂದ್. ಈ ಗೆರೆಯೊಳಗೆ ನನ್ ಮುಖ ಬಂತಾ?"

"ಮುಖ ಬಂತಣ್ಣಾ. ಹೊಟ್ಟೆ ಹೊರಗೈತೆ."

"ಹೊಟ್ಟೆ ನಕ್ಕೋ, ಬೇಡ. ಅದು ಬೇರೆ ಫಿಲಂ."

ನಕ್ಕಳು. ಆದರೆ ಕುರ್ಚಿಯಲ್ಲಿ ಕುಳಿತು ನಾನು ನಿರ್ದೇಶಕರ ಪ್ರಶ್ನಾವಳಿಯನ್ನು ತೆರೆದೊಡನೆ ಆ ನಗು ಹೋಯಿತು. ಯಾರೋ ಬರೆದುಕೊಟ್ಟಿದ್ದ ಉತ್ತರಗಳನ್ನು ಅವಳು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. "ಆಧುನಿಕ ತಂತ್ರಜ್ಞಾನದ ಮುಖೇನ ಗ್ರಾಮೀಣ ಬದುಕಿನ ಅನಾವರಣ ಮಾಡುವುದು ನನ್ನ ಧ್ಯೇಯವಾಗಿರುತ್ತದೆ," ಎಂದಳು. ನಡುವೆ ಒಂದು ಪದ ಮರೆತು, ಮೊದಲಿನಿಂದ ಮತ್ತೆ ಹೇಳಿದಳು. ಆಟ ಕಟ್ಟಲು ಆರಂಭಿಸಿದ ದಿನಾಂಕವನ್ನು ಪ್ರಶ್ನಾವಳಿ ಕೇಳಿತು, ಅದನ್ನೂ ಒಪ್ಪಿಸಿದಳು. ನಾನು ಮುಗಿಯಿತು ಎಂದೆ. ಅನ್ವರ್ "ಕಟ್" ಎಂದರು. ನಾನು ಇನ್ನೊಂದು ಮೇಜಿನವರನ್ನು ಮಾತನಾಡಿಸಲು ಹೋದೆ, ಅನ್ವರ್ ಟೀ ತರಲು ಹೋದರು. ನಮ್ಮೆಲ್ಲರ ನೆನಪಿನಲ್ಲಿ ಆ ಶುಕ್ರವಾರ ಮುಗಿಯುವುದು ಹೀಗೆ.

ಶನಿವಾರ ಬೆಳಿಗ್ಗೆ ವಧುವಿನ ಕೋಣೆಯಲ್ಲಿ ಸಂಕಲನ. ಸುತ್ತಲೂ ಕನ್ನಡಿ, ಕಂಪ್ಯೂಟರಿನ ಮುಂದೆ ಕುಳಿತ ನಾನೇ ನಾಲ್ಕು ದಿಕ್ಕಿನಲ್ಲಿ ಕಾಣುತ್ತಿದ್ದೆ. ಗೋಡೆಗೆ ಹಳೆಯ ಬಿಂದಿಗಳು ಅಂಟಿಕೊಂಡಿದ್ದವು. ಅನ್ವರ್ ಕೆಳಗೆ ಬೇರೆ ಕಾರ್ಡು ಹಾಕಿಕೊಂಡು ಮೇಳವನ್ನು ಚಿತ್ರೀಕರಿಸುತ್ತಿದ್ದರು. ಮೂರು ಚಿತ್ರಗಳು ಸಿದ್ಧವಾದವು. ಮಂಜುಳಳದನ್ನು ನೋಡಿದ ನಾಗಭೂಷಣರು ಕನ್ನಡಕ ತೆಗೆದರು.

"ಇದನ್ನ ಹಾಕಿದ್ರೆ ಜನ ಎದ್ದು ಊಟಕ್ಕೆ ಹೋಗ್ತಾರೆ ಕಣಮ್ಮಾ. ಮೂರೇ ತೋರಿಸೋಣ. ಈ ಹುಡುಗೀದು ಬೇಡ."

"ಸರ್, ಅವಳಿಗೆ ಇನ್ನೊಂದು ಸಾರಿ ಅವಕಾಶ..."

"ಮತ್ತೆ ಕೂರಿಸಿದ್ರೆ ಮತ್ತೆ ಧ್ಯೇಯವಾಗಿರುತ್ತದೆ ಅಂತಾಳೆ. ಅವಳ ತಪ್ಪಲ್ಲ. ನಮ್ಮ ಪ್ರಶ್ನಾವಳಿನೂ ಹಾಗೇ ಇದೆ."

ತಮ್ಮದೇ ಪ್ರಶ್ನಾವಳಿಯ ಬಗ್ಗೆ ಇಷ್ಟು ಸತ್ಯ ನುಡಿದ ಮೇಲಧಿಕಾರಿಯನ್ನು ನಾನು ಬೇರೆ ಕಂಡಿಲ್ಲ. ಅವರು ಹೋದ ಮೇಲೆ, ಕೈಬಿಡುವ ಮುನ್ನ, ಉಳಿದ ತುಣುಕುಗಳನ್ನು ನೋಡಿಬಿಡೋಣವೆಂದುಕೊಂಡೆ. ಸಂದರ್ಶನದ ನಂತರ ಇನ್ನೊಂದು ಉದ್ದನೆಯ ತುಣುಕಿತ್ತು. ಇದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ಕ್ಯಾಮೆರಾ ದೀರ್ಘ ಚಿತ್ರೀಕರಣವನ್ನು ತಾನೇ ತುಂಡು ಮಾಡಿ ಇಡುತ್ತಿತ್ತು; ಒಂದೇ ಮಾತುಕತೆ ಎರಡು ಮೂರು ತುಣುಕಾಗಿ ಸಿಗುವುದು ಮಾಮೂಲು. ಆ ಎರಡನೆಯ ತುಣುಕಿನ ನಡುವೆ ಎಲ್ಲೋ ಬೆರಳಿಟ್ಟು ತೆರೆದೆ. ಪರದೆಯ ಮೇಲೆ ಇಬ್ಬರು ಎದುರುಬದುರು. ಒಬ್ಬಳು ಮಂಜುಳ, ಇನ್ನೊಬ್ಬರು ಅನ್ವರ್. ನಡುವೆ ಟ್ಯಾಬ್ಲೆಟ್ಟು.

"ಬಿಡಿ ಅಣ್ಣಾ, ಬಿಡಿ! ಇಟ್ಕೊಂಡು ಕೂತ್ರೆ ಮೆತ್ತಗಾಗ್ತವೆ!"

"ಇನ್ನೊಂದ್ ರೂಪಾಯಿ ಏರ್ಲಿ ತಡಿ."

"ಅಯ್ಯೋ ದೇವುಡಾ, ಹಿಂಗೇ ನಮ್ ನಾಯನ ಹೋದ್ ವರ್ಷ ಹೇಳಿದ್ದು! ಇನ್ನೊಂದ್ ರೂಪಾಯಿ, ಇನ್ನೊಂದ್ ರೂಪಾಯಿ. ಆಮೇಲೆ ಮನೇಲಿ ತಿಂಗ್ಳೆಲ್ಲ ಟೊಮೆಟೊ ಗೊಜ್ಜೇ. ನೋಡಿ, ನಾನು ಬಿಟ್ಟೆ. ನಿಮ್ ದರ ಬಿತ್ತು!"

"ಅರೆ! ಮೋಸ, ಮೋಸ!"

"ಮೋಸ ಅಲ್ಲಣ್ಣಾ, ಮಾರ್ಕೆಟ್ಟು. ಇಲ್ಲಿ ದರ ನೋಡ್ಬಾರ್ದು, ಎದುರಿಗಿರೋರ ಮುಖ ನೋಡ್ಬೇಕು. ಅದಕ್ಕೇ ಎದುರುಬದುರು ಕೂರಿಸಿರೋದು ನಾನು."

ಆ ಕೊನೆಯ ಮಾತಿಗೆ ಸುತ್ತ ನೆರೆದಿದ್ದವರು ನಗುತ್ತಾರೆ. ಚಿತ್ರಕ್ಕೆ ಬೇಕಾದುದೆಲ್ಲ ಅಲ್ಲಿತ್ತು: ಆಟ ಏನು, ಏಕೆ ಕಟ್ಟಿದಳು, ಯಾರನ್ನು ನೋಡಿ ಕಲಿತಳು. ಮೈಕು ಅವಳ ಕಾಲರಿನಲ್ಲೇ ಉಳಿದಿದ್ದರಿಂದ ಮಾತು ಸ್ಪಷ್ಟ. ನಾನು ಪ್ರಶ್ನಾವಳಿಯ ಭಾಗವನ್ನು ಪೂರ್ತಿ ತೆಗೆದುಹಾಕಿ, ಈ ಆಟದಿಂದಲೇ ಚಿತ್ರ ಮಾಡಿದೆ. ಕೊನೆಯ ಕ್ಷಣದಲ್ಲಿ ನಿರ್ದೇಶಕರಿಗೆ ತೋರಿಸಿದೆ. "ಪಾಷಾ ಎಷ್ಟು ಚೆನ್ನಾಗಿ ಸೋಲ್ತಾನೆ," ಎಂದಷ್ಟೇ ಹೇಳಿ ಸಹಿ ಹಾಕಿದರು.

ಮಧ್ಯಾಹ್ನ ಚಿತ್ರ ಓಡಿದಾಗ, ತಿಂಗಳೆಲ್ಲ ಗೊಜ್ಜು ಎಂಬ ಮಾತಿಗೆ ಇಡೀ ಮಂಟಪ ನಕ್ಕಿತು. ಮಂಜುಳಳನ್ನು ವೇದಿಕೆಗೆ ಕರೆದರು. ಆಮೇಲೆ ಅವಳ ಅರ್ಧ ಮೇಜಿನ ಮುಂದೆ ಆಟ ಆಡಲು ಸಾಲು ನಿಂತಿತು. ಪಕ್ಕದ ಮೇಜಿನವರು ತಮ್ಮ ಅರ್ಧವನ್ನೂ ಬಿಟ್ಟುಕೊಟ್ಟರು. ಬೆಂಗಳೂರಿನ ಪ್ರಕಾಶನವೊಂದರ ಹೆಣ್ಣುಮಗಳು ಮೂರು ಸಲ ಸೋತು, ನಾಲ್ಕನೆಯ ಸಲ ಗೆದ್ದು, ಅಲ್ಲೇ ಕುಳಿತು ಒಪ್ಪಂದದ ಮಾತು ತೆಗೆದರು. ಮಂಜುಳ ಫೋನು ಹಿಡಿದು ಮಂಟಪದ ಬಾಗಿಲಿಗೆ ಹೋಗಿ ತೆಲುಗಿನಲ್ಲಿ ಕೂಗುತ್ತಿದ್ದಳು: "ನಾಯನಾ, ಸೋಮವಾರಂ ಪೋನು! ಪೋನು ನಾಯನಾ!" ಹೋಗುವುದಿಲ್ಲ ಎಂದು. ಆಟದಲ್ಲಿ ಹರಾಜು ಕೂಗುವ ಧ್ವನಿಯೇ ಅದು.

ಅಂದು ಸಂಜೆಯಿಂದಲೇ ನಮ್ಮ ವಿಭಾಗದಲ್ಲಿ ಒಂದು ಕಥೆ ಹುಟ್ಟಿತು. ಅನ್ವರ್ ಟೀ ತರುವ ಅವಸರದಲ್ಲಿ ಕ್ಯಾಮೆರಾ ನಿಲ್ಲಿಸುವುದನ್ನು ಮರೆತರು, ದೀಪದ ಮೇಲೆ ಟೇಪಿದ್ದುದರಿಂದ ಯಾರಿಗೂ ತಿಳಿಯಲಿಲ್ಲ, ಆ ಮರೆವು ಒಬ್ಬಳ ಬದುಕನ್ನು ತಿರುಗಿಸಿತು. ಅನ್ವರ್ ಒಬ್ಬರೇ ಇದನ್ನು ಒಪ್ಪಲಿಲ್ಲ.

"ನಾನ್ ಆಫ್ ಮಾಡಿದ್ದೆ ಮೇಡಂ."

"ಮಾಡಿದ್ರೆ ಇದು ಹೇಗೆ ಬಂತು?"

"ಅದೇ ನಂಗೂ ತಿಳೀತಿಲ್ಲ. ಆದ್ರೆ ಆಫ್ ಮಾಡಿದ್ದೆ. ಮದುವೆ ಮನೇಲಿ ಬ್ಯಾಟ್ರಿ ಉಳಿಸಿ ಉಳಿಸಿ ಬೆಳೆದೋನು ನಾನು. ನನ್ ಬೆರಳು ಮರೆಯಲ್ಲ."

ಇನ್ನೊಂದು ಮಾತನ್ನೂ ಅವರು ಹೇಳುತ್ತಿದ್ದರು. ಚಿತ್ರದಲ್ಲಿ ಎರಡು ಕುರ್ಚಿಗಳೂ ಅಷ್ಟು ಸೊಗಸಾಗಿ ಗೆರೆಯೊಳಗೆ ಕೂತಿವೆಯಲ್ಲ, ಆ ಫ್ರೇಮು ತಾವಿಟ್ಟದ್ದಲ್ಲ. ತಾವಿಟ್ಟಾಗ ಅಲ್ಲಿ ಇದ್ದದ್ದು ಒಂದೇ ಕುರ್ಚಿ. ನಾವು ನಕ್ಕೆವು. ವರ್ಷಗಟ್ಟಲೆ ನಕ್ಕೆವು. ಯಾರಾದರೂ ಕ್ಯಾಮೆರಾ ನಿಲ್ಲಿಸಲು ಮರೆತರೆ ಅದಕ್ಕೆ ಪಾಷಾ ಕ್ಯಾಮೆರಾ ಎಂದೇ ಹೆಸರಾಯಿತು. ತರಬೇತಿಗೆ ಬಂದವರಿಗೆ ನಾನು ಈ ಕಥೆಯನ್ನು ಹೇಳಿ, ಸಂದರ್ಶನ ಮುಗಿಯಿತೆಂದು ಕ್ಯಾಮೆರಾ ನಿಲ್ಲಿಸಬೇಡಿ, ಮನುಷ್ಯರು ತಮಗೆ ತಿಳಿಯದಿರುವಾಗಲೇ ನಿಜವಾಗಿ ಮಾತನಾಡುತ್ತಾರೆ ಎಂದು ಬೋಧಿಸುತ್ತಿದ್ದೆ. ನನ್ನ ಬೀಳ್ಕೊಡುಗೆಯ ಊಟದಲ್ಲೂ ನಾಗಭೂಷಣರು ಇದನ್ನೇ ಹೇಳಿ ನಗಿಸಿದರು. ಮಂಜುಳ ಬಂದಿದ್ದಳು. ಆ ಹೊತ್ತಿಗೆ ಅವಳದು ಕೋಲಾರದಲ್ಲಿ ಸ್ವಂತ ಕೋಣೆ, ಮೂರನೆಯ ಆಟ. ಎಲ್ಲರೂ ಅನ್ವರ್ ಕಡೆ ನೋಡಿ ನಗುತ್ತಿದ್ದಾಗ ಅವಳು ಎದ್ದು ಹೋಗಿ, ಬಡಿಸುವವರ ಕೈಯಿಂದ ತಟ್ಟೆ ಇಸಿದುಕೊಂಡು, ಅನ್ವರ್ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿ, ಮೇಲೆ ತುಪ್ಪ ಸುರಿದಳು.

"ಸಾಕು ಕಣಮ್ಮಾ, ಶುಗರ್ ಐತೆ," ಎಂದರು ಅನ್ವರ್.

"ತಿನ್ನಿ ಅಣ್ಣಾ. ಇವತ್ತೊಂದಿನ."

ಈ ಬರಹಕ್ಕಾಗಿ ದಿನಾಂಕ ಖಚಿತಪಡಿಸಿಕೊಳ್ಳಲು ಮೂಲ ಕಾರ್ಡನ್ನು ಮೊನ್ನೆ ತೆರೆದೆ. ದಿನಾಂಕಕ್ಕಷ್ಟೇ ತೆರೆದದ್ದು. ಆದರೆ ಸಂಕಲನದ ಅವಸರವಿಲ್ಲದ್ದರಿಂದ ಎರಡೂ ತುಣುಕುಗಳನ್ನು ಮೊದಲಿನಿಂದ ನೋಡಿದೆ. ಕ್ಯಾಮೆರಾ ತಾನೇ ತುಂಡು ಮಾಡಿದರೆ ಮೊದಲನೆಯದು ಮಾತಿನ ನಡುವೆಯೇ ಕಡಿದು, ಎರಡನೆಯದು ಅದೇ ಮಾತಿನ ಉಳಿಕೆಯಿಂದ ಆರಂಭವಾಗಬೇಕು. ಇಲ್ಲಿ ಹಾಗಿಲ್ಲ. ಮೊದಲನೆಯ ತುಣುಕು ಅನ್ವರ್ "ಕಟ್" ಎನ್ನುವುದರೊಂದಿಗೆ, ಅವರ ಬೆರಳು ಗುಂಡಿಗೆ ತಾಗಿದ ಸದ್ದಿನೊಂದಿಗೆ ಮುಗಿಯುತ್ತದೆ. ಎರಡನೆಯದರ ಆರಂಭದ ಸಮಯದ ಗುರುತು ಅದಕ್ಕಿಂತ ಕೆಲವು ನಿಮಿಷ ಈಚಿನದು. ನಾನು ಇಷ್ಟು ವರ್ಷ ಬೋಧಿಸಿದ ಕಥೆಗೆ ಈ ದಾಖಲೆ ನೇರ ವಿರುದ್ಧವಾಗಿದೆ. ಅನ್ವರ್ ಪಾಷಾ ಕ್ಯಾಮೆರಾ ನಿಲ್ಲಿಸಿದ್ದರು.

ಎರಡನೆಯ ತುಣುಕು ಖಾಲಿ ಕುರ್ಚಿಯಿಂದ ಆರಂಭವಾಗುತ್ತದೆ. ಲೆನ್ಸಿಗೆ ತೀರ ಹತ್ತಿರದಲ್ಲಿ ಗಾಜಿನ ಬಳೆಗಳ ಸದ್ದು; ತುಣುಕು ಮುಗಿಯುವುದೂ ಅದೇ ಸದ್ದಿನೊಂದಿಗೆ. ಚಿತ್ರ ಒಮ್ಮೆ ಅಲುಗಿ, ತುಸು ಎಡಕ್ಕೆ ತಿರುಗಿ ನಿಲ್ಲುತ್ತದೆ. ಮಂಜುಳ ಕ್ಯಾಮೆರಾದ ಹಿಂದಿನಿಂದ ಬರುತ್ತಾಳೆ. ಇನ್ನೊಂದು ಕುರ್ಚಿಯನ್ನು ಎಳೆದು ತಂದು ತನ್ನದರ ಎದುರಿಗೆ ಹಾಕುತ್ತಾಳೆ, ಒಂದು ಹೆಜ್ಜೆ ಹಿಂದೆ ಸರಿದು ಅಳೆದು ನೋಡಿ ಸರಿಪಡಿಸುತ್ತಾಳೆ. ಕೂರುತ್ತಾಳೆ. ಕಾಲರಿನ ಮೈಕನ್ನು ನೆಟ್ಟಗೆ ಮಾಡಿಕೊಳ್ಳುತ್ತಾಳೆ. ಒಮ್ಮೆ, ಒಂದೇ ಒಮ್ಮೆ, ನೇರವಾಗಿ ಲೆನ್ಸನ್ನು ನೋಡುತ್ತಾಳೆ. ಅಷ್ಟರಲ್ಲಿ ಪರದೆಯ ಆಚೆಯಿಂದ ಟೀ ಹಿಡಿದು ಬರುತ್ತಿರುವ ಅನ್ವರ್ ದನಿ ಕೇಳುತ್ತದೆ.

"ಏನಮ್ಮಾ, ಇನ್ನೂ ಅಲ್ಲೇ ಕೂತಿದ್ದೀಯ? ಆಫ್ ಮಾಡಿದ್ದೀನಿ, ಎದ್ದೇಳು."

"ಗೊತ್ತಣ್ಣಾ," ಎನ್ನುತ್ತಾಳೆ ಮಂಜುಳ. "ಬನ್ನಿ, ಒಂದಾಟ ಆಡೋಣ."